ಹದ್ದಿನ ಹಾರಾಟ, ವಿಮಾನದ ಹಾರಾಟ ಮತ್ತು ಕುರ್ಬಾನಿಯ ತ್ಯಾಜ್ಯ

ಕಾರವಾರದ ಬೈತಖೋಲ ಬಂದರಿನ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುವುದನ್ನು ನಾವೆಲ್ಲ ಕಂಡಿದ್ದೇವೆ. ಬಾಗಿದ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿ ಹದ್ದನ್ನು ಇನ್ನಷ್ಟು ಎತ್ತುತ್ತದೆ. ನೌಕಾಪಡೆ 2017ರಲ್ಲಿ ನಿವೃತ್ತಿಗೊಳಿಸಿದ, ಈಗ ನಮ್ಮ ಕಡಲತೀರದಲ್ಲಿ ನಿಂತಿರುವ ಟುಪೊಲೆವ್ ವಿಮಾನ ಹಾರುತ್ತಿದ್ದುದೂ ರೆಕ್ಕೆಯ ಇದೇ ನಿಯಮದಿಂದ. ಮುಂದೆ ಸಾಗಲು ಮಾತ್ರ ಅದಕ್ಕೆ ಎಂಜಿನ್ ಬೇಕಿತ್ತು.

ಏರಿದರೆ ಸಾಲದು, ಇಳಿಯಬೇಕು. 9ನೇ ಶತಮಾನದಲ್ಲಿ ಸ್ಪೇನಿನ ಅಬ್ಬಾಸ್ ಇಬ್ನ್ ಫಿರ್ನಾಸ್ ರೆಕ್ಕೆ ಕಟ್ಟಿಕೊಂಡು ಹಾರಿದರೆಂದೂ, ಬಾಲವಿಲ್ಲದ್ದರಿಂದ ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತೆಂದೂ ಇತಿಹಾಸಕಾರ ಅಲ್ ಮಖ್ಖರಿ ಬರೆದಿದ್ದಾರೆ. ಹದ್ದು ಬಾಲ ಹರಡಿ ವೇಗ ತಗ್ಗಿಸಿಯೇ ಇಳಿಯುತ್ತದೆ.

ವಿಮಾನ ಏರುವಾಗ, ಇಳಿಯುವಾಗ ಹಕ್ಕಿಗಳು ಹಾರುವ ಎತ್ತರದಲ್ಲೇ ಇರುತ್ತದೆ. ವೇಗ ಎರಡರಷ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕರಷ್ಟು. ಒಂದು ಹದ್ದು ಒಳಗೆ ಸಿಕ್ಕರೂ ಎಂಜಿನ್ ಕೆಡಬಹುದು. ಅದಕ್ಕಾಗಿಯೇ 1937ರ ವಿಮಾನ ನಿಯಮಗಳಲ್ಲಿ, ನಿಲ್ದಾಣದಿಂದ 10 ಕಿ.ಮೀ. ಒಳಗೆ ಹಕ್ಕಿಗಳನ್ನು ಸೆಳೆಯುವಂತೆ ಪ್ರಾಣಿ ಕೊಯ್ಯುವುದಕ್ಕೂ ಕಸ ಎಸೆಯುವುದಕ್ಕೂ ನಿಷೇಧ ಬಂತು.

ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣದ ಯೋಜನೆಯಿದೆ. ಒಳ್ಳೆಯ ರೂಢಿಗೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಶಿರವಾಡದಲ್ಲಿರಲಿ, ಅಂಕೋಲಾದಲ್ಲಿರಲಿ, ಬಕ್ರೀದ್ ದಿನ ಕರುಳು, ಮಾಂಸದ ಚೂರುಗಳನ್ನು ಹಳ್ಳಕ್ಕೋ ಬಯಲಿಗೋ ಎಸೆಯದೆ ಆಳವಾದ ಗುಂಡಿಯಲ್ಲಿ ಹೂಳೋಣ. ಮೀನಿನ ತ್ಯಾಜ್ಯಕ್ಕೂ ಇದೇ ಮಾತು. ದಾರಿಯ ಮುಳ್ಳು ತೆಗೆಯುವುದು ಪುಣ್ಯವೆಂದು ಮಕ್ಕಳಿಗೆ ಕಲಿಸುವವರು ನಾವು. ಆಕಾಶವೂ ಪ್ರಯಾಣಿಕರ ದಾರಿಯೇ.