ಫ್ರೆಂಚರ ಈರುಳ್ಳಿ ಸೂಪು

ಸೂಪು ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ಬರುವುದು ಹೋಟೆಲಿನಲ್ಲಿ ಊಟಕ್ಕೆ ಮೊದಲು ತಂದಿಡುವ ಒಂದು ಬಟ್ಟಲು ಬಿಸಿ ದ್ರವ. ಅದರ ಮೇಲೆ ತೇಲುವ ನಾಲ್ಕು ಹುರಿದ ಬ್ರೆಡ್ಡಿನ ಚೂರು. ಆದರೆ ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ಮೊದಲಿಗೆ ಇದ್ದ ಅರ್ಥವೇ ಬೇರೆ. ಬಿಸಿ ಸಾರನ್ನು ಸುರಿದು ನೆನೆಸುವುದಕ್ಕಾಗಿ ಬಟ್ಟಲಿನ ತಳದಲ್ಲಿ ಇಡುತ್ತಿದ್ದ ರೊಟ್ಟಿಯ ಹೋಳಿಗೆ ಸೂಪೆಂದು ಹೆಸರು. ಕಾಲಕ್ರಮದಲ್ಲಿ ಹೋಳಿನ ಹೆಸರು ಸಾರಿಗೆ ಅಂಟಿಕೊಂಡಿತು. ಈ ಸಂಗತಿಯನ್ನು ಮೊದಲೇ ಹೇಳಲು ಕಾರಣವಿದೆ. ಈರುಳ್ಳಿ ಸೂಪಿನಲ್ಲಿ ರೊಟ್ಟಿ ಅಲಂಕಾರಕ್ಕಾಗಿ ಬಂದುದಲ್ಲ. ಒಣಗಿ ಕಲ್ಲಾದ ನಿನ್ನೆಯ ರೊಟ್ಟಿಯನ್ನು ತಿನ್ನುವಂತೆ ಮಾಡುವುದಕ್ಕಾಗಿಯೇ ಸೂಪು ಹುಟ್ಟಿತು. ಇದು ಬಡವರ ಅಡುಗೆ.

ಪ್ಯಾರಿಸ್ಸಿನಲ್ಲಿ ಈ ಸೂಪಿನ ಕೀರ್ತಿ ಬೆಳೆದದ್ದು ನಗರದ ನಡುವೆ ಇದ್ದ 'ಲೇ ಆಲ್' ಎಂಬ ದೊಡ್ಡ ಮಾರುಕಟ್ಟೆಯಲ್ಲಿ. ಹನ್ನೆರಡನೆಯ ಶತಮಾನದಿಂದ ಅಲ್ಲಿ ಸಂತೆ ಸೇರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲ್ತಾರ್ ಎಂಬ ಶಿಲ್ಪಿ ಅದಕ್ಕೆ ಕಬ್ಬಿಣ, ಗಾಜುಗಳ ವಿಶಾಲವಾದ ಮಂಟಪಗಳನ್ನು ಕಟ್ಟಿಸಿದ. ಎಮಿಲಿ ಜೋಲಾ 1873ರಲ್ಲಿ ಈ ಮಾರುಕಟ್ಟೆಯ ಮೇಲೆ ಒಂದು ಕಾದಂಬರಿ ಬರೆದು ಅದನ್ನು ಪ್ಯಾರಿಸ್ಸಿನ ಹೊಟ್ಟೆ ಎಂದೇ ಕರೆದ. ಈ ಹೊಟ್ಟೆ ಎಚ್ಚರವಾಗುತ್ತಿದ್ದುದು ನಡುರಾತ್ರಿಯಲ್ಲಿ. ಗಾಡಿಗಳಲ್ಲಿ ತರಕಾರಿ ತಂದ ರೈತರಿಗೆ, ಬೆನ್ನ ಮೇಲೆ ಮೂಟೆ ಹೊತ್ತ ಹಮಾಲರಿಗೆ, ಚಳಿಯಲ್ಲಿ ನಿಂತು ಚೌಕಾಶಿ ಮಾಡುವ ವ್ಯಾಪಾರಿಗಳಿಗೆ ಬೆಳಗಿನ ಜಾವ ಬಿಸಿಯಾದ, ಹೊಟ್ಟೆ ತುಂಬುವ, ಅಗ್ಗವಾದ ಏನಾದರೊಂದು ಬೇಕಾಗುತ್ತಿತ್ತು. ನಾಟಕ, ನೃತ್ಯಗಳನ್ನು ಮುಗಿಸಿ ರೇಷ್ಮೆಯ ಉಡುಪಿನಲ್ಲಿ ಬಂದ ಶ್ರೀಮಂತರೂ ಅದೇ ಬಟ್ಟಲಿಗೆ ಕೈ ಚಾಚುತ್ತಿದ್ದರು. 1969ರಲ್ಲಿ ಮಾರುಕಟ್ಟೆಯನ್ನು ನಗರದ ಹೊರಗಿನ ರಂಜೀಸ್‌ಗೆ ಸಾಗಿಸಲಾಯಿತು. 1971ರಿಂದ ಆ ಮಂಟಪಗಳನ್ನು ಕೆಡವಿದರು. ಹಮಾಲರು ಹೋದರು, ಸೂಪು ಉಳಿಯಿತು. ಈಗ ಅದನ್ನು ಸವಿಯುವವರು ಹೆಚ್ಚಾಗಿ ಪ್ರವಾಸಿಗಳು. ಬೆಲೆಯೂ ಅವರಿಗೆ ತಕ್ಕುದಾಗಿಯೇ ಇದೆ.

ಹೆಸರಾದ ಎಲ್ಲ ತಿನಿಸುಗಳಿಗೂ ಒಬ್ಬ ರಾಜನ ಕಥೆ ಅಂಟಿಕೊಳ್ಳುವುದು ವಾಡಿಕೆ. ಪೋಲೆಂಡಿನ ಸಿಂಹಾಸನ ಕಳೆದುಕೊಂಡು ಲೊರೇನ್ ಪ್ರಾಂತ್ಯದ ಡ್ಯೂಕನಾಗಿದ್ದ ಸ್ಟಾನಿಸ್ಲಾಸ್, ಹದಿನೈದನೆಯ ಲೂಯಿಯ ಮಾವ. ಅಳಿಯನ ಮನೆಗೆ ಹೊರಟವನು ದಾರಿಯ ಛತ್ರದಲ್ಲಿ ಈ ಸೂಪನ್ನು ಉಂಡು ಮೆಚ್ಚಿ, ನೇರವಾಗಿ ಅಡುಗೆಮನೆಗೇ ಇಳಿದು, ಈರುಳ್ಳಿಯ ಘಾಟಿಗೆ ಕಣ್ಣೀರು ಸುರಿಸುತ್ತ ಮಾಡುವ ಬಗೆಯನ್ನು ಕಲಿತನಂತೆ. ಕಥೆ ಸೊಗಸಾಗಿದೆ. ಆದರೆ ಆತ ಹುಟ್ಟುವುದಕ್ಕೆ ಮೊದಲೇ, 1651ರಲ್ಲಿ ಅಚ್ಚಾದ ಲಾ ವರೆನ್ ಎಂಬ ಬಾಣಸಿಗನ ಪಾಕಗ್ರಂಥದಲ್ಲಿ ಈ ಸೂಪು ಇದೆ. ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ಬೆಣ್ಣೆಯಲ್ಲಿ ಹುರಿದು, ನೀರನ್ನೋ ಬಟಾಣಿ ಬೇಯಿಸಿ ಬಸಿದ ರಸವನ್ನೋ ಹಾಕಿ ಕುದಿಸಿ, ರೊಟ್ಟಿಯ ಮೇಲೆ ಸುರಿದು, ಕೊನೆಗೆ ಒಂದು ತೊಟ್ಟು ವಿನೆಗರ್ ಬಿಡಬೇಕೆಂದು ಆತ ವಿಧಿಸುತ್ತಾನೆ.

ಬಟಾಣಿ ಬೇಯಿಸಿ ಬಸಿದ ರಸ! ಇದು ನಮ್ಮ ಕಟ್ಟಲ್ಲದೆ ಮತ್ತೇನು? ಹೋಳಿಗೆಯ ದಿನ ಬೇಳೆ ಬಸಿದ ಕಟ್ಟಿನಿಂದ ಸಾರು ಮಾಡುವ ನಮಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ. ಮಾಂಸ ವರ್ಜ್ಯವಾದ ವ್ರತದ ದಿನಗಳಲ್ಲಿ ಕ್ಯಾಥೊಲಿಕ್ ಮನೆಗಳ ಒಲೆಗಳ ಮೇಲೆ ಮಾಂಸದ ಸಾರಿಗೆ ಬದಲಾಗಿ ಈ ಕಟ್ಟು ಕುದಿಯುತ್ತಿತ್ತು. ಈಗಿನ ಪುಸ್ತಕಗಳೆಲ್ಲ ದನದ ಮೂಳೆಯ ಸಾರನ್ನೇ ಹೇಳುತ್ತವೆ. ಅದಿಲ್ಲದೆ ಈರುಳ್ಳಿ ಸೂಪಿಲ್ಲ ಎಂದು ಹಟ ಹಿಡಿಯುವವರೂ ಇದ್ದಾರೆ. ಹೀಗಾಗಿ ನಮ್ಮಲ್ಲಿ ಸಸ್ಯಾಹಾರಿಗಳು ಇದನ್ನು ಮಾಡಿದಾಗ, ಯಾವುದೋ ನಕಲನ್ನು ಬಡಿಸುತ್ತಿರುವಂತೆ ಸಂಕೋಚಪಟ್ಟುಕೊಳ್ಳುವುದನ್ನು ನಾನು ಕಂಡಿದ್ದೇನೆ. ಸಂಕೋಚಕ್ಕೆ ಕಾರಣವಿಲ್ಲ. ಮೂಳೆಯ ಸಾರು ರುಚಿಗೆ ಗಾತ್ರ ಕೊಡುತ್ತದೆ, ನಿಜ. ಆದರೆ ಮುನ್ನೂರೈವತ್ತು ವರ್ಷಕ್ಕೂ ಹಿಂದಿನ ಪಾಠದಲ್ಲೇ ನೀರು ಮತ್ತು ಕಟ್ಟಿಗೆ ಸ್ಥಾನವಿರುವಾಗ, ಅವುಗಳಿಂದ ಮಾಡಿದ ಸೂಪನ್ನು ನಕಲೆನ್ನುವ ಅಧಿಕಾರ ಯಾರಿಗಿದೆ?

ಇನ್ನು ಮಾಡುವ ಕ್ರಮ. ನಾಲ್ವರಿಗೆ ಒಂದು ಕಿಲೊ ಈರುಳ್ಳಿ ಬೇಕು. ರಾಶಿ ಕಂಡು ಹೆದರಬಾರದು. ಈರುಳ್ಳಿಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ನೀರೇ, ಕೊನೆಗೆ ಉಳಿಯುವುದು ಎರಡು ಹಿಡಿ. ಫ್ರೆಂಚರು ಹಳದಿ ಸಿಪ್ಪೆಯ ಈರುಳ್ಳಿಯನ್ನು ಬಳಸುತ್ತಾರೆ. ನಮ್ಮ ಕೆಂಪು ಈರುಳ್ಳಿಯೂ ಆದೀತು, ಬಣ್ಣ ಮಾತ್ರ ತುಸು ಮಂಕು. ಬುಡದಿಂದ ತುದಿಗೆ ಉದ್ದುದ್ದವಾಗಿ, ತೆಳ್ಳಗೆ ಹೆಚ್ಚಬೇಕು. ಅಡ್ಡವಾಗಿ ಹೆಚ್ಚಿದರೆ ಎಳೆಗಳು ಬೇಗ ಕರಗಿ ಮುದ್ದೆಯಾಗುತ್ತವೆ. ಈಳಿಗೆಮಣೆಯಲ್ಲಿ ಕೈ ಪಳಗಿದವರಿಗೆ ಇದು ಹತ್ತು ನಿಮಿಷದ ಕೆಲಸ. ಕಣ್ಣೀರಿಗೆ ಮದ್ದಿಲ್ಲ. ಹೆಚ್ಚಿದಾಗ ಒಡೆದ ಕೋಶಗಳಿಂದ ಹೊರಬರುವ ಕಿಣ್ವಗಳು ಗಂಧಕದ ಒಂದು ಆವಿಯನ್ನು ಹುಟ್ಟಿಸುತ್ತವೆ. ಈ ಕೆಲಸಕ್ಕೆಂದೇ ಪ್ರತ್ಯೇಕವಾದ ಒಂದು ಕಿಣ್ವವಿದೆಯೆಂದು ಜಪಾನಿನ ವಿಜ್ಞಾನಿಗಳು ಕಂಡುಹಿಡಿದದ್ದು 2002ರಲ್ಲಿ. ಬೆಂಕಿ ತಗುಲಿದೊಡನೆ ಆ ಕಿಣ್ವಗಳು ಸಾಯುತ್ತವೆ, ಘಾಟು ಅಡಗುತ್ತದೆ, ಅದರ ಮರೆಯಲ್ಲಿದ್ದ ಸಿಹಿ ಮುಂದೆ ಬರುತ್ತದೆ.

ದಪ್ಪ ತಳದ ಅಗಲವಾದ ಪಾತ್ರೆಯಲ್ಲಿ 50 ಗ್ರಾಂ ಬೆಣ್ಣೆ, ಒಂದು ದೊಡ್ಡ ಚಮಚ ಎಣ್ಣೆ ಕಾಯಿಸಿ, ಈರುಳ್ಳಿಯನ್ನೂ ಒಂದು ಸಣ್ಣ ಚಮಚ ಉಪ್ಪನ್ನೂ ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಕಾಲು ಗಂಟೆ ಬಿಡಬೇಕು. ಉಪ್ಪು ನೀರನ್ನು ಹೊರಗೆಳೆಯುತ್ತದೆ, ಹಬೆ ಈರುಳ್ಳಿಯನ್ನು ಮೆತ್ತಗೆ ಮಾಡುತ್ತದೆ. ಆಮೇಲೆ ಮುಚ್ಚಳ ತೆಗೆದು ಮಧ್ಯಮ ಉರಿಯಲ್ಲಿ ಮುಕ್ಕಾಲು ಗಂಟೆಯಾದರೂ ಕೈಯಾಡಿಸುತ್ತಿರಬೇಕು. ಹತ್ತು ನಿಮಿಷದಲ್ಲಿ ಈರುಳ್ಳಿ ಕಂದುಬಣ್ಣಕ್ಕೆ ಬರುತ್ತದೆಂದು ಬರೆಯುವ ಪಾಕಲೇಖಕರನ್ನು ನಂಬಬೇಡಿ. 1961ರಲ್ಲಿ ಅಮೆರಿಕದ ಮನೆಗಳಿಗೆ ಫ್ರೆಂಚ್ ಅಡುಗೆಯನ್ನು ಕಲಿಸಿದ ಜೂಲಿಯಾ ಚೈಲ್ಡ್ ಮತ್ತು ಅವರ ಇಬ್ಬರು ಗೆಳತಿಯರ ಪುಸ್ತಕ, ಮುಚ್ಚಿ ಬೇಯಿಸುವ ಕಾಲು ಗಂಟೆಯ ಮೇಲೆ ಇನ್ನೂ ಮೂವತ್ತು ನಲವತ್ತು ನಿಮಿಷವೆಂದು ಪ್ರಾಮಾಣಿಕವಾಗಿ ಹೇಳಿತು.

ಇಷ್ಟು ಹೊತ್ತು ಏಕೆ? ಪಾತ್ರೆಯಲ್ಲಿ ನೀರು ಇರುವಷ್ಟು ಕಾಲ ಶಾಖ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರಾರಿದ ಮೇಲೆಯೇ ಅದು ಏರುವುದು. ಆಗ ಈರುಳ್ಳಿಯ ಸಕ್ಕರೆಗಳೂ ಅದರ ಪ್ರೋಟೀನಿಗೆ ಮೂಲವಾದ ಅಮೈನೊ ಆಮ್ಲಗಳೂ ಕೂಡಿ ಕಂದುಬಣ್ಣವನ್ನೂ ನೂರಾರು ಬಗೆಯ ಪರಿಮಳಗಳನ್ನೂ ಹುಟ್ಟಿಸುತ್ತವೆ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಲೂಯಿ ಕಮೀಯ್ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ. ಆತ ಹುಟ್ಟಿದ್ದು ಅದೇ ಲೊರೇನ್ ಪ್ರಾಂತ್ಯದಲ್ಲಿ ಎಂಬುದು ಸ್ಟಾನಿಸ್ಲಾಸನ ಕಥೆಗೆ ಸೇರಿಸಬಹುದಾದ ಒಂದು ತಮಾಷೆಯ ಬಾಲ. ಉರಿ ಹೆಚ್ಚಿಸಿ ಆತುರಪಟ್ಟರೆ ಎಳೆಗಳ ಅಂಚು ಸುಟ್ಟು ಒಳಗೆ ಹಸಿ ಉಳಿಯುತ್ತದೆ, ಸೂಪು ಕಹಿಯಾಗುತ್ತದೆ. ಚಿಟಿಕೆ ಸೋಡಾ ಹಾಕಿದರೆ ಬಣ್ಣ ಬೇಗ ಬರುವುದೇನೋ ನಿಜ, ಆದರೆ ಈರುಳ್ಳಿ ಗೊಜ್ಜಾಗಿಬಿಡುತ್ತದೆ. ಕೆಂಪು ಈರುಳ್ಳಿಯಾದರೆ ಹಸಿರು ನೀಲಿಯ ವಿಕಾರವೂ ಕಾಣಿಸಿಕೊಂಡೀತು.

ಕಣ್ಣಿಗಿಂತ ಕಿವಿಯನ್ನು ನಂಬಿ ಎಂದು ನಾನು ಕಲಿಯುವವರಿಗೆ ಹೇಳುತ್ತೇನೆ. ಮೊದಲು ಕೇಳುವುದು ನೀರಿನ ಕೊತಕೊತ. ಆಮೇಲೆ ಅದು ಸಣ್ಣದಾಗಿ, ಎಣ್ಣೆಯ ಚುರುಚುರು ಸದ್ದಾಗುತ್ತದೆ. ಆ ಬದಲಾವಣೆ ಕೇಳಿಸಿದ ಮೇಲೆ ಒಲೆ ಬಿಟ್ಟು ಕದಲಬಾರದು. ಹುಲ್ಲಿನ ಬಣ್ಣ ಗೋಧಿಯ ಬಣ್ಣವಾಗಿ, ಕೊನೆಗೆ ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗುವುದು ಈ ಕಡೆಯ ಇಪ್ಪತ್ತು ನಿಮಿಷಗಳಲ್ಲಿ. ಪಾತ್ರೆ ತಳ ಹಿಡಿಯುತ್ತದೆ. ನಮ್ಮ ಅಡುಗೆಮನೆಗಳಲ್ಲಿ ತಳ ಹಿಡಿಯುವುದೆಂದರೆ ಅನಾಹುತ. ಇಲ್ಲಿ ಅದೇ ಬಂಡವಾಳ. ಆ ಕಂದುಪದರ ಕಪ್ಪಾಗುವ ಮೊದಲು ಒಂದೆರಡು ಚಮಚ ನೀರು ಚಿಮುಕಿಸಿ, ಮರದ ಸೌಟಿನಿಂದ ಕೆರೆದು, ಈರುಳ್ಳಿಗೆ ಬೆರೆಸಬೇಕು. ಅಂಟದ ಲೇಪನದ ಪಾತ್ರೆಗಳಲ್ಲಿ ಈ ಪದರ ಸರಿಯಾಗಿ ಕಟ್ಟುವುದಿಲ್ಲ.

ಒಂದೂವರೆ ದೊಡ್ಡ ಚಮಚ ಮೈದಾ ಉದುರಿಸಿ ಎರಡು ನಿಮಿಷ ಹುರಿದ ಮೇಲೆ ಫ್ರೆಂಚರು ಅರ್ಧ ಬಟ್ಟಲು ಬಿಳಿಯ ವೈನು ಸುರಿಯುತ್ತಾರೆ. ವೈನು ಸಲ್ಲದ ಮನೆಯಲ್ಲಿ ಲಾ ವರೆನ್ನನ ದಾರಿ ಇದ್ದೇ ಇದೆ: ಕೊನೆಯಲ್ಲಿ ಅರ್ಧ ಚಮಚ ವಿನೆಗರ್. ಈರುಳ್ಳಿಯ ಸಿಹಿಗೆ ಒಂದು ಹುಳಿಯ ಅಂಚು ಬೇಕು, ಅಷ್ಟೆ. ಸಾರಿಗೆ ನಾನು ಮಾಡುವುದು ಹೀಗೆ. 100 ಗ್ರಾಂ ಒಣ ಬಟಾಣಿಯನ್ನು ನೆನೆಸಿ, ಗಜ್ಜರಿ, ಕೆಲವು ಅಣಬೆ, ಮೆಣಸಿನಕಾಳು, ತೊಳೆದ ಈರುಳ್ಳಿ ಸಿಪ್ಪೆಗಳೊಡನೆ ಎರಡು ಲೀಟರ್ ನೀರಿನಲ್ಲಿ ಬೇಯಿಸಿ, ಹಿಚುಕದೆ ಬಸಿಯುತ್ತೇನೆ. ಸಿಪ್ಪೆ ಹೊಂಬಣ್ಣ ಕೊಡುತ್ತದೆ, ಅಣಬೆ ಮೂಳೆಯ ಸಾರಿನ ಆಳವನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ಸುಮಾರು ಒಂದೂಕಾಲು ಲೀಟರ್ ರಸವನ್ನು ಈರುಳ್ಳಿಗೆ ಸೇರಿಸಿ, ಥೈಮ್ ಎಂಬ ಮೂಲಿಕೆಯ ಎರಡು ಕಡ್ಡಿ ಹಾಕಿ ಅರ್ಧ ಗಂಟೆ ಕುದಿಸಬೇಕು. ಪಲಾವ್ ಎಲೆಯನ್ನು ಹಾಕಬೇಡಿ. ಫ್ರೆಂಚರ ಲಾರೆಲ್ ಎಲೆಯೇ ಬೇರೆ ಜಾತಿ; ನಮ್ಮದು ದಾಲ್ಚಿನ್ನಿಯ ಬಳಗದ್ದು, ಸೂಪಿಗೆ ಅನ್ನದ ವಾಸನೆ ತರುತ್ತದೆ. ಉಪ್ಪು ತುಸು ಕಡಿಮೆಯೇ ಇರಲಿ, ಮುಂದೆ ಚೀಸು ಬರಲಿದೆ.

ಬ್ರೆಡ್ಡು ಗಟ್ಟಿ ಸಿಪ್ಪೆಯದಾಗಿರಬೇಕು, ಹಿಂದಿನ ದಿನದ್ದಾಗಿರಬೇಕು. ಬೆರಳ ದಪ್ಪದ ಹೋಳುಗಳನ್ನು ಸಣ್ಣ ಉರಿಯ ಕಾವಲಿಯಲ್ಲಿ ತೇವ ಪೂರ್ತಿ ಆರುವವರೆಗೆ ಒಣಗಿಸಬೇಕು. ಮೇಲೆ ಮಾತ್ರ ಕೆಂಪಾದ ಬ್ರೆಡ್ಡು ಸಾರಿನಲ್ಲಿ ಅಂಬಲಿಯಾಗುತ್ತದೆ. ಚೀಸಿನ ವಿಷಯದಲ್ಲಿ ಒಂದು ಮಾತು. ಗ್ರೂಯೇರ್, ಕೋಂತೆ ಎಂಬ ಪ್ರಸಿದ್ಧ ಚೀಸುಗಳಿಗೆ ಹಾಲನ್ನು ಒಡೆಯಿಸುವುದು ಕರುವಿನ ಜಠರದಿಂದ ತೆಗೆದ ರೆನ್ನೆಟ್ಟಿನಿಂದ. ಮೂಳೆಯ ಸಾರನ್ನು ಬಿಟ್ಟು ಈ ಚೀಸನ್ನು ಹಾಕಿ ಸಸ್ಯಾಹಾರವೆಂದು ಬಡಿಸುವುದು ಉಚಿತವಲ್ಲ. ನಮ್ಮ ದೇಶದಲ್ಲೇ ತಯಾರಾಗುವ, ಹಸಿರು ಚುಕ್ಕೆಯ ಗುರುತುಳ್ಳ ಗೌಡಾ ಅಥವಾ ಚೆಡ್ಡಾರ್ ಸಾಕು. ಡಬ್ಬಿಯ ಸಂಸ್ಕರಿತ ಚೀಸು ಕರಗುತ್ತದೆಯೇ ಹೊರತು ಎಳೆಯೆಳೆಯಾಗಿ ಹಿಗ್ಗುವುದಿಲ್ಲ.

ಬೆಂಕಿ ತಾಳುವ ಬಟ್ಟಲುಗಳಲ್ಲಿ ಸೂಪು ತುಂಬಿ, ಬ್ರೆಡ್ಡು ತೇಲಿಸಿ, ನಾಲ್ಕು ಬಟ್ಟಲಿಗೆ 150 ಗ್ರಾಂ ತುರಿದ ಚೀಸು ಹರಡಿ, ಒಲೆಪೆಟ್ಟಿಗೆಯ ಮೇಲಿನ ಕಾವಿನಲ್ಲಿ ಚುಕ್ಕೆಚುಕ್ಕೆಯಾಗಿ ಕಂದುವವರೆಗೆ ಇಡಬೇಕು. ಸಾಮಾನ್ಯ ಗಾಜಿನ ಬಟ್ಟಲಾದರೆ ಸಿಡಿಯುತ್ತದೆ. ಒಲೆಪೆಟ್ಟಿಗೆ ಇಲ್ಲದವರು ಕಾವಲಿಯ ಮೇಲಿನ ಬ್ರೆಡ್ಡಿಗೇ ಚೀಸು ಹರಡಿ, ಮುಚ್ಚಿ ಕರಗಿಸಿ, ಬಿಸಿ ಸೂಪಿನ ಮೇಲೆ ಇಳಿಬಿಡಬಹುದು. ಚೀಸಿನ ಹೊದಿಕೆ ಹಬೆಯನ್ನು ಹೊರಗೆ ಬಿಡುವುದಿಲ್ಲವಾದ್ದರಿಂದ ಮೇಲೆ ತಣ್ಣಗೆ ಕಂಡರೂ ಕೆಳಗೆ ನಾಲಗೆ ಸುಡುವಷ್ಟು ಬಿಸಿಯಿರುತ್ತದೆ. ಮಕ್ಕಳಿಗೆ ಕೊಡುವ ಮುನ್ನ ಹೊದಿಕೆಯನ್ನು ಚಮಚದಿಂದ ಒಡೆದುಕೊಡಿ. ಉಳಿದ ಸಾರನ್ನು ಬ್ರೆಡ್ಡು ಹಾಕದೆ ತಂಪುಪೆಟ್ಟಿಗೆಯಲ್ಲಿಟ್ಟರೆ ಮರುದಿನ ರುಚಿ ಇನ್ನಷ್ಟು ಕೂಡಿಕೊಂಡಿರುತ್ತದೆ.