ಗೋಣಿಗೊಂದು ಗುರುತು: ದೇಲಂಪಾಡಿಯ ಕೊಕ್ಕೋ ಮತ್ತು ಕಾರ್ಖಾನೆಯ ಗಣಕಯಂತ್ರ

ಕಂಗಿನ ತೋಟದ ನೆರಳಿನಲ್ಲಿ ಕೊಕ್ಕೋ ಕೊಯ್ದು, ಕಾಯಿ ಒಡೆದು, ಹಸಿಬೀಜವನ್ನು ಗೋಣಿಯಲ್ಲಿ ಕಟ್ಟಿ ಮಾರುವ ದೇಲಂಪಾಡಿಯ ಒಕ್ಕಲು ಮಕ್ಕಳಲ್ಲಿ ನಮ್ಮದೊಂದು ಪ್ರಶ್ನೆ. ತೂಕದ ಚೀಟಿ ಕೈಗೆ ಬಂದ ಮೇಲೆ ಆ ಬೀಜ ಎಲ್ಲಿಗೆ ಹೋಯಿತು, ಯಾರ ಬೀಜದೊಡನೆ ಬೆರೆಯಿತು, ಕಡೆಗೆ ಯಾವ ಊರಿನ ಮಗುವಿನ ಬಾಯಿ ಸೇರಿತು ಎಂಬುದನ್ನು ಎಷ್ಟು ಜನ ಬಲ್ಲೆವು? ಅಡೂರಿನ ಕಡೆ ಹೋಗಿದ್ದಾಗ ಹಿರಿಯ ಬೆಳೆಗಾರರೊಬ್ಬರಲ್ಲಿ ನಾವು ಈ ಮಾತನ್ನೆತ್ತಿದೆವು. "ತಕ್ಕಡಿಯಿಂದ ಇಳಿದ ಮೇಲೆ ಅದು ನಮ್ಮದಲ್ಲ ಮಾರಾಯ್ರೆ" ಎಂದು ಅವರು ನಕ್ಕುಬಿಟ್ಟರು. ಇಷ್ಟು ವರ್ಷ ಆ ಉತ್ತರ ಸಾಕಾಗಿತ್ತು. ಇನ್ನು ಸಾಲದು. ಆದುದರಿಂದ ಈ ವಾರ ಗೊಬ್ಬರ, ಔಷಧಿಗಳ ವಿಚಾರವನ್ನು ಬದಿಗಿಟ್ಟು ಲೆಕ್ಕದ ಪುಸ್ತಕದ ವಿಚಾರವನ್ನು ಎತ್ತಿಕೊಂಡಿದ್ದೇವೆ.

ಕೊಕ್ಕೋ ನಮ್ಮ ಕಡೆ ಕಂಗಿನ ನಡುಬೆಳೆಯಾಗಿ ಹಬ್ಬಿದ್ದು 1970ರ ದಶಕದಲ್ಲಿ. ದಶಕದ ಕೊನೆಗೆ ಧಾರಣೆ ಕುಸಿದು ಕೊಳ್ಳುವವರಿಲ್ಲದಾದಾಗ, 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೊ ಕೊಕ್ಕೋ ಖರೀದಿಗೂ ಇಳಿಯಿತು; 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ಕರ್ನಾಟಕ, ಕೇರಳಗಳೆರಡರ ಬೆಳೆಗಾರರಿಗೂ ಸೇರಿದ ಸಂಸ್ಥೆಯಾದುದರಿಂದ ನಮ್ಮ ಬೀಜಕ್ಕೆ ರಾಜ್ಯದ ಗಡಿ ಅಡ್ಡ ಬರಲಿಲ್ಲ.

ಈಗ ಗೋಣಿಯೊಳಗಿನ ಕಥೆಯನ್ನು ನೋಡೋಣ. ಹಸಿಬೀಜವನ್ನು ಸುಮಾರು 6 ದಿನ ಹುಳಿ ಬರಿಸಬೇಕು, ನಡುನಡುವೆ ಮಗುಚಬೇಕು. ರಾಶಿ 45-50 ಡಿಗ್ರಿಯವರೆಗೆ ಕಾಯುತ್ತದೆ. ಚಾಕಲೇಟಿನ ಪರಿಮಳದ ಬೇರು ಅಲ್ಲಿದೆ. ಬಳಿಕ ತೇವಾಂಶ ನೂರಕ್ಕೆ 6-7ಕ್ಕೆ ಇಳಿಯುವವರೆಗೆ ಒಣಗಿಸಬೇಕು. 8ನ್ನು ಮೀರಿದರೆ ಬೂಸು ಹಿಡಿಯುತ್ತದೆ. ಆಟಿಯ ಮಳೆಯಲ್ಲಿ ಅಂಗಳವನ್ನು ನಂಬಿ ಒಣಗಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೂಸು ಹಿಡಿದ ಒಂದು ಗೋಣಿ ಹತ್ತು ಒಳ್ಳೆಯ ಗೋಣಿಗಳೊಡನೆ ಬೆರೆತಾಗ, ಹುಳುಕು ಯಾರದೆಂದು ತಿಳಿಯದೆ ಧಾರಣೆಯ ಕಡಿತ ಹನ್ನೊಂದು ಮಂದಿಗೂ ಬೀಳುತ್ತದೆ. ಚೆನ್ನಾಗಿ ಒಣಗಿಸಿದವನಿಗೆ ಅವನ ಶ್ರಮದ ಸಾಕ್ಷಿ ಎಲ್ಲಿಯೂ ಇಲ್ಲ.

ಒಳ್ಳೆಮೆಣಸಿನ ವಿಷಯದಲ್ಲಿ ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2012ರ ಡಿಸೆಂಬರಿನಲ್ಲಿ ಕೊಚ್ಚಿ ಕಡೆಯ ಗೋದಾಮುಗಳಲ್ಲಿದ್ದ 6,000 ಟನ್ನಿಗೂ ಮಿಕ್ಕಿದ ಮೆಣಸಿಗೆ, ಹೊಳಪಿಗಾಗಿ ಖನಿಜ ಎಣ್ಣೆ ಸವರಲಾಗಿದೆ ಎಂಬ ದೂರಿನ ಮೇಲೆ ಆಹಾರ ಸುರಕ್ಷತಾ ಅಧಿಕಾರಿಗಳು ಬೀಗಮುದ್ರೆ ಹಾಕಿದರು. ಎಣ್ಣೆ ಸವರಿದ ಮೆಣಸು ಯಾವುದು, ಸವರದ್ದು ಯಾವುದು? ತೋಟದಿಂದ ಗೋದಾಮಿನವರೆಗಿನ ಗುರುತು ಇರಲಿಲ್ಲವಾದುದರಿಂದ ರಾಶಿರಾಶಿಯನ್ನೂ ಪರೀಕ್ಷೆಗೆ ಕಳುಹಿಸಬೇಕಾಯಿತು. ಅದು ಬೇಗ ಮುಗಿಯುವ ಕೆಲಸವಾಗಿರಲಿಲ್ಲ.

ಗುರುತಿದ್ದರೆ ಏನಾಗುತ್ತದೆಂಬುದಕ್ಕೆ ಬೆಲ್ಜಿಯಂ ದೇಶಕ್ಕೆ ಹೋಗಬೇಕು. ಅಲ್ಲಿನ ವೀಜ಼ ಎಂಬ ಊರಿನಲ್ಲಿ ಬ್ಯಾರಿ ಕ್ಯಾಲೆಬೋ ಕಂಪೆನಿಯ ಬೃಹತ್ ಚಾಕಲೇಟು ಕಾರ್ಖಾನೆ ಇದೆ. 2022ರ ಜೂನ್ 27ರಂದು ಅಲ್ಲಿನ ಒಂದು ತಯಾರಿಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಸಿಕ್ಕಿತು. ದೋಷವಿದ್ದುದು ಕೊಕ್ಕೋದಲ್ಲಲ್ಲ, ಹೊರಗಿನವರು ಒದಗಿಸಿದ್ದ ಲೆಸಿಥಿನ್ ಎಂಬ ಸಣ್ಣ ಬೆರಕೆಯಲ್ಲಿ. ಯಾವ ದಿನದಿಂದ ಆ ಲೆಸಿಥಿನ್ ಯಾವ ಯಂತ್ರಕ್ಕೆ ಹೋಯಿತೆಂದು ಲೆಕ್ಕ ತೆಗೆದು, ಜೂನ್ 25ರಿಂದೀಚಿನ ಎಲ್ಲ ಸರಕನ್ನು ತಡೆಹಿಡಿದರು, ಕಾರ್ಖಾನೆಯನ್ನೇ ನಿಲ್ಲಿಸಿದರು. ಸರಕು ಅಂಗಡಿಗೆ ತಲುಪಲಿಲ್ಲ. ಅದೇ ದೇಶದ ಆರ್ಲೋನ್‌ನಲ್ಲಿ, ಫೆರೇರೋ ಕಂಪೆನಿಯ ಕಾರ್ಖಾನೆಯಲ್ಲಿ, ಅದೇ ರೋಗಾಣು 2021ರ ಡಿಸೆಂಬರಿನಲ್ಲೇ ಕಂಡಿತ್ತು. ಶುಚಿಗೊಳಿಸಿ, ಮರುಪರೀಕ್ಷೆ ಮಾಡಿ, ಮುಂದುವರಿದರು. 2022ರ ವಸಂತದ ಹೊತ್ತಿಗೆ ಹಲವು ದೇಶಗಳಲ್ಲಿ ನೂರಾರು ಮಂದಿ ಕಾಯಿಲೆ ಬಿದ್ದರು. ಅವರಲ್ಲಿ ಹೆಚ್ಚಿನವರು 10 ವರ್ಷದೊಳಗಿನ ಮಕ್ಕಳು. ಚಾಕಲೇಟನ್ನು ಯಾರೂ ಬೇಯಿಸಿ ತಿನ್ನುವುದಿಲ್ಲ. ಅದರ ಕೊಬ್ಬು ರೋಗಾಣುವಿಗೆ ಹೊದಿಕೆಯಂತಾಗಿ ಅದನ್ನು ಹೊಟ್ಟೆಯವರೆಗೂ ಜೀವಂತ ಒಯ್ಯುತ್ತದೆ.

ಇಂತಹ ಕಾವಲಿನ ಕ್ರಮ ಹೊಸದೇನಲ್ಲ. 1960ರ ಸುಮಾರಿಗೆ ಅಮೆರಿಕದ ಗಗನಯಾತ್ರಿಗಳಿಗೆ ಊಟ ತಯಾರಿಸುವಾಗ ಪಿಲ್ಸ್‌ಬರಿ ಕಂಪೆನಿಯವರಿಗೆ ಒಂದು ಸಂಗತಿ ಹೊಳೆಯಿತು: ಕಟ್ಟುಗಳನ್ನೆಲ್ಲ ಒಡೆದು ಪರೀಕ್ಷಿಸಿದರೆ ತಿನ್ನಲಿಕ್ಕೆ ಏನೂ ಉಳಿಯದು! ಆದಕಾರಣ ತಯಾರಿಯ ದಾರಿಯಲ್ಲಿ ಅಪಾಯ ಎಲ್ಲೆಲ್ಲಿ ಹೊಕ್ಕೀತೆಂದು ಮೊದಲೇ ಗುರುತಿಸಿ ಅಲ್ಲಲ್ಲಿ ಕಾವಲು ನಿಲ್ಲಿಸುವ ಹ್ಯಾಸಪ್ ಎಂಬ ಪದ್ಧತಿ ಹುಟ್ಟಿತು. ಕಾವಲುಗಾರನ ಕೈಯಲ್ಲಿ ಬಹುಕಾಲ ಇದ್ದದ್ದು ಪೆನ್ಸಿಲು ಮತ್ತು ದಫ್ತರ. ಆ ದಫ್ತರದ ಜಾಗಕ್ಕೆ ಈಗ ತಂತ್ರಾಂಶ ಬಂದಿದೆ.

ತಂತ್ರಾಂಶವೆಂದರೆ ಗಾಬರಿ ಬೇಡ. ಲಾರಿ ಕಾರ್ಖಾನೆಯ ಗೇಟಿಗೆ ಬಂದಾಗ ಸರಕು ಒದಗಿಸಿದವರ 14 ಅಂಕೆಗಳ ಆಹಾರ ಪರವಾನಗಿ ಸಂಖ್ಯೆಯನ್ನು ಅದಕ್ಕೆ ಕೊಡುತ್ತಾರೆ. ಅವಧಿ ಮುಗಿದಿದ್ದರೆ ಅದು ಖರೀದಿಯ ಪುಟವನ್ನೇ ತೆರೆಯದು. ಪ್ರತಿ ರಾಶಿಗೂ ಒಂದು ಸಂಖ್ಯೆ. ತೇವಾಂಶ ಮಿತಿ ಮೀರಿತೋ, ಆ ಸಂಖ್ಯೆಗೆ ಬೀಗ ಬೀಳುತ್ತದೆ. ಗುಮಾಸ್ತನು ದಾಕ್ಷಿಣ್ಯಕ್ಕೆ ಒಳಗಾಗಿ ಬಿಟ್ಟುಕೊಡುವಂತಿಲ್ಲ. ಹುರಿಯುವ ಯಂತ್ರದ ಬಿಸಿಯನ್ನು ಮಾಪಕವೇ ಬರೆದಿಡುತ್ತದೆ. ಕಡೆಗೆ ಪೆಟ್ಟಿಗೆಯ ಮೇಲಿನ ಸಂಖ್ಯೆಯಿಂದ ಹಿಂದಕ್ಕೆ ಗೋಣಿಯವರೆಗೆ, ಗೋಣಿಯಿಂದ ಮುಂದಕ್ಕೆ ಪೆಟ್ಟಿಗೆಗಳವರೆಗೆ, ಎರಡೂ ಕಡೆ ನಡೆಯಬಹುದು. ಕಪಾಟಿನ ಫೈಲುಗಳಲ್ಲಿ ದಿನಗಟ್ಟಲೆ ಹುಡುಕಬೇಕಾದ್ದು ಕೆಲವು ನಿಮಿಷಗಳ ಕೆಲಸವಾಗುತ್ತದೆ.

ನಮ್ಮ ದೇಶದಲ್ಲೇ ದ್ರಾಕ್ಷಿ ಬೆಳೆಗಾರರು ಈ ದಾರಿ ತುಳಿದಿದ್ದಾರೆ. ಔಷಧಿಯ ಶೇಷವಿದೆಯೆಂದು 2003ರಲ್ಲಿ ಯುರೋಪಿನವರು ನಮ್ಮ ದ್ರಾಕ್ಷಿಯನ್ನು ತಕರಾರಿಗೆ ಗುರಿಮಾಡಿದ ಬಳಿಕ, ಅಪೇಡಾ ಸಂಸ್ಥೆ 2006ರಲ್ಲಿ ಗ್ರೇಪ್‌ನೆಟ್ ಎಂಬ ತಂತ್ರಾಂಶ ತಂದಿತು. ತೋಟದ ಒಂದೊಂದು ತಾಕಿಗೂ ನೋಂದಣಿ, ಕೊಯ್ಲಿಗೆ ಮೊದಲೇ ಮಾದರಿಯ ಪರೀಕ್ಷೆ, ಸರಕಿಗೆ ತಾಕಿನ ಗುರುತು. ಒಬ್ಬನ ತಾಕಿನಲ್ಲಿ ದೋಷ ಕಂಡರೆ ಅವನ ಹಣ್ಣು ನಿಲ್ಲುತ್ತದೆ, ನೆರೆಯವನದು ಹಡಗು ಹತ್ತುತ್ತದೆ. ನಮ್ಮ ಹನ್ನೊಂದು ಗೋಣಿಗಳ ಕಷ್ಟಕ್ಕೆ ಇದಕ್ಕಿಂತ ನೇರವಾದ ಉತ್ತರ ನಮಗೆ ಕಾಣದು.

ರಬ್ಬರು ಬೆಳೆಯುವವರು ಇನ್ನೊಂದನ್ನು ಗಮನಿಸತಕ್ಕದ್ದು. ಕಾಡು ಕಡಿದ ನೆಲದ ಸರಕು ಬೇಡವೆಂದು ಯುರೋಪು ಒಕ್ಕೂಟ 2023ರಲ್ಲಿ ಕಾಯಿದೆ ಮಾಡಿತು. ಕೊಕ್ಕೋ, ಕಾಫಿ, ರಬ್ಬರು ಮೂರೂ ಅದರೊಳಗಿವೆ. ಅಲ್ಲಿಗೆ ಹೋಗುವ ಸರಕಿನ ಹಿಂದೆ ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಇರಬೇಕು. ಜಾರಿಯ ದಿನವನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಿದ್ದಾರೆ. ಕಾಯಿದೆ ಮಾತ್ರ ಹೋಗಿಲ್ಲ.

ನಮ್ಮ ಅಳುಕನ್ನೂ ಮುಚ್ಚಿಡುವುದಿಲ್ಲ. ಮೊದಲನೆಯದು ಭಾಷೆ. 1956ರ ನವೆಂಬರ್ 1ರಿಂದ ಈಚೆ ಮಲಯಾಳದ ಅರ್ಜಿಗಳಿಗೆ ಸಹಿ ಹಾಕಿ ಅನುಭವವಿರುವ ನಾವು, ಓದಲಾಗದ ಪರದೆಯ ಮೇಲೆ ಹೆಬ್ಬೆರಳೊತ್ತಿ "ಒಪ್ಪಿದೆ" ಎನ್ನಬೇಕೇ? ಬೆಳೆಗಾರನ ಮುಂದಿಡುವ ಪುಟ ಕನ್ನಡದಲ್ಲಿರಲಿ ಎಂದು ಖರೀದಿಸುವವರಲ್ಲಿ, ಅದು ಸಹಕಾರ ಸಂಘವಿರಲಿ ಖಾಸಗಿಯವರಿರಲಿ, ಈಗಲೇ ಕೇಳಬೇಕು. ತಂತ್ರಾಂಶ ಕಟ್ಟುವಾಗ ಸೇರಿಸುವುದು ಸುಲಭ, ಕಟ್ಟಿದ ಮೇಲೆ ಕಷ್ಟ. ಎರಡನೆಯದು, ನಮ್ಮ ಲೆಕ್ಕದ ಪ್ರತಿಯೊಂದು ನಮಗೂ ಸಿಗಬೇಕು. ಗೋಣಿಯನ್ನು ತಿರಸ್ಕರಿಸಿದರೆ ಕಾರಣವೇನು, ತೇವಾಂಶ ಎಷ್ಟಿತ್ತು ಎಂಬುದು ತೂಕದ ಚೀಟಿಯಲ್ಲೇ ಬರಲಿ. ಇಲ್ಲವಾದರೆ ಗಣಕಯಂತ್ರವು ನಮ್ಮ ಮೇಲೆ ಮಾತ್ರ ಕಣ್ಣಿಡುವ ಹೊಸ ದಳ್ಳಾಳಿಯಾದೀತು. ಇನ್ನು ಯಂತ್ರದ ಒಂದು ಮಿತಿ: ಬರೆದದ್ದನ್ನು ಅದು ನಂಬುತ್ತದೆ. ತೇವಾಂಶ 9 ಇದ್ದದ್ದನ್ನು 7 ಎಂದು ಬರೆದರೆ ಅದಕ್ಕೂ 7.

ಗಮನಿಸಿ, 2006ರ ಆಹಾರ ಸುರಕ್ಷತಾ ಕಾಯಿದೆ ತೋಟದ ಮಟ್ಟದ ಕೆಲಸವನ್ನು ತನ್ನ ಹಿಡಿತದಿಂದ ಹೊರಗಿಟ್ಟಿದೆ. ದಾಖಲೆಯಿಡಿ ಎಂದು ಯಾವ ಅಧಿಕಾರಿಯೂ ದೇಲಂಪಾಡಿಯ ಅಂಗಳಕ್ಕೆ ಬಂದು ಕೇಳಲಾರರು, ಕೇಳುವವರು ಕೊಳ್ಳುವವರೇ. ಅದಕ್ಕಾಗಿ ಮೊಬೈಲಿಗೆ ಕಾಯಬೇಕಾಗಿಯೂ ಇಲ್ಲ. ಬರುವ ಕೊಯ್ಲಿನಿಂದಲೇ ಒಂದು ನೋಟುಪುಸ್ತಕದಲ್ಲಿ ಕೊಯ್ದ ದಿನ, ಒಡೆದ ದಿನ, ಮದ್ದು ಬಿಟ್ಟ ದಿನ ಮತ್ತು ಮದ್ದಿನ ಹೆಸರು, ಮಾರಿದ ತೂಕ ಇಷ್ಟನ್ನು ಬರೆಯಲು ತೊಡಗಬಹುದು. ಗೋಣಿಯ ಬಾಯಿಗೆ ಸಂಖ್ಯೆ ಬರೆದ ತಗಡಿನ ಚೂರೊಂದನ್ನು ಕಟ್ಟಬಹುದು. ಕಾಗದದ ಚೀಟಿ ಕಟ್ಟಬೇಡಿ, ಹಸಿಬೀಜದ ರಸಕ್ಕೆ ಅದು ಒಂದು ರಾತ್ರಿಯೂ ಉಳಿಯುವುದಿಲ್ಲ.