ಪೊದೆ ಕಡಿಸುವ ಮುನ್ನ: ಹೊಸದಾಗಿ ಸ್ವಾಧೀನಕ್ಕೆ ಬಂದ ಜಮೀನಿನ ಎಲಚಿ, ಕವಳಿ ಮತ್ತು ಲಂಟಾನ

ಗೋಮಾಳದ ಅಂಚಿನ ಒಂದೆರಡು ಎಕರೆ ಜಮೀನು ಕಂದಾಯ ಇಲಾಖೆಯಿಂದ ಗ್ರಾಮ ಪಂಚಾಯಿತಿಗೆ ಹಸ್ತಾಂತರವಾದಾಗ ಸದಸ್ಯರ ಕಣ್ಣಿಗೆ ಮೊದಲು ಬೀಳುವುದು ಆಳೆತ್ತರದ ಮುಳ್ಳುಪೊದೆ. ಸಭೆಯ ಮೊದಲ ತೀರ್ಮಾನವೂ ಬಹುತೇಕ ಒಂದೇ ಆಗಿರುತ್ತದೆ: ಜೆಸಿಬಿ ತರಿಸಿ ಸಮತಟ್ಟು ಮಾಡಿಸುವುದು. ಜಮೀನು ಬೇಗನೆ ಬೋಳಾಗುತ್ತದೆ, ನಿಜ. ಆದರೆ ಕೆದಕಿದ ನೆಲಕ್ಕೆ ಬಿಸಿಲು, ಮಳೆ ಬಿದ್ದೊಡನೆ ಲಂಟಾನದ ಬೀಜಗಳು ಮೊಳೆಯುತ್ತವೆ, ಮುರಿದು ಉಳಿದ ಬುಡಗಳು ಚಿಗುರುತ್ತವೆ. ಕಳೆ ಹಿಂದಿರುಗುತ್ತದೆ, ಅದರೊಳಗೆ ಅಡಗಿದ್ದ ಹಣ್ಣಿನ ಗಿಡಗಳು ಮಾತ್ರ ಹೋಗಿಬಿಡುತ್ತವೆ.

ಆದ್ದರಿಂದ ಮೊದಲ ಕೆಲಸ ಗುರುತಿಸುವುದು. ಲಂಟಾನದ ಕಾಂಡ ಚೌಕಾಕಾರ. ಎಲೆ ಹೊಸಕಿದರೆ ಘಾಟು ವಾಸನೆ. ಕಾಯಿ ಹಸಿರು, ಹಣ್ಣು ಕಡುನೇರಳೆ. ಎಲಚಿಯ, ಅಂದರೆ ಬೋರೆಯ, ಎಲೆಯ ಅಡಿಭಾಗ ಬಿಳಿಚಾಗಿದ್ದು, ಜೋಡಿ ಮುಳ್ಳುಗಳಲ್ಲಿ ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯಂತೆ ಇರುತ್ತದೆ. ಕವಳಿಯ ಎಲೆ ದಪ್ಪ, ಹೊಳಪು. ಚಿವುಟಿದರೆ ಹಾಲು ಒಸರುತ್ತದೆ. ಊರಿನ ಕುರಿಗಾಹಿಗಳನ್ನೂ ಹಣ್ಣು ಆರಿಸುವ ಹೆಂಗಸರನ್ನೂ ಜೊತೆಗೆ ಕರೆದೊಯ್ದರೆ ಯಾವ ಪೊದೆಯ ಹಣ್ಣು ಸಿಹಿ ಎಂಬುದೂ ತಿಳಿಯುತ್ತದೆ. ಈ ವಿವರ ಯಾವ ಪಹಣಿಯಲ್ಲಿಯೂ ಇರುವುದಿಲ್ಲ. ಉಳಿಸಬೇಕಾದ ಗಿಡಗಳಿಗೆ ಬಣ್ಣದ ಬಟ್ಟೆ ಕಟ್ಟಬೇಕು. ಹಕ್ಕಿಗಳು ಬೀಳಿಸಿದ ಬೀಜದಿಂದ ಇಂತಹ ಪೊದೆಗಳ ನೆರಳಿನಲ್ಲಿ ಶ್ರೀಗಂಧದ ಸಸಿ ಬೆಳೆದಿರುವುದುಂಟು. ಅದು ಕಂಡುಬಂದರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸುವುದು ಕ್ಷೇಮ. ಮರವಾಗಿ ಬೆಳೆದಿರುವ ಯಾವುದನ್ನೇ ಕಡಿಯುವ ಮೊದಲೂ ಅದೇ ಇಲಾಖೆಯನ್ನು ವಿಚಾರಿಸಬೇಕು.

ಲಂಟಾನ ಈ ನೆಲದ ಗಿಡವಲ್ಲ. ಅಮೆರಿಕ ಖಂಡದ ಉಷ್ಣವಲಯದ ಈ ಸಸ್ಯವನ್ನು ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆಂದು ತರಲಾಯಿತು. ಮೇವಿಲ್ಲದ ದಿನಗಳಲ್ಲಿ ಇದರ ಎಲೆ ತಿಂದ ದನಗಳಿಗೆ ಯಕೃತ್ತು ಕೆಟ್ಟು ಕಾಮಾಲೆಯಾಗುತ್ತದೆ, ಬಿಸಿಲಿಗೆ ಚರ್ಮ ಬಿರಿಯುತ್ತದೆ, ಕೆಲವು ಸಾಯುತ್ತವೆ. ಇದನ್ನು ನೆಲದ ಮೇಲೆ ಕತ್ತರಿಸುವುದು ವ್ಯರ್ಥ. ಸುಟ್ಟರೂ ಬುಡ ಚಿಗುರುತ್ತದೆ. ಮಣ್ಣು ಸರಿಸಿ, ಮೇಲ್ಮೈಯಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ತಲೆಕೆಳಗಾಗಿಸಿ ಒಣಗಲು ಬಿಡುವುದು ಪರಿಣಾಮಕಾರಿ ಕ್ರಮ. ಮೊದಲ ಮಳೆಗೆ ಮಣ್ಣು ಸಡಿಲವಾದಾಗ, ಹಣ್ಣು ಮಾಗುವುದಕ್ಕೆ ಮುಂಚೆ ಈ ಕೆಲಸ ಮುಗಿಯಬೇಕು. ಕಡಿದ ಕಾಂಡವೂ ನಿರುಪಯುಕ್ತವಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಪೀಠೋಪಕರಣ ತಯಾರಿಸಿ ಮಾರಿದ್ದಾರೆ.

ಎಲಚಿಯ ಆರೈಕೆ ಇದಕ್ಕೆ ತದ್ವಿರುದ್ಧ. ಅದನ್ನು ಬೇಸಿಗೆಯಲ್ಲಿ, ಎಲೆ ಉದುರಿ ಗಿಡ ವಿಶ್ರಾಂತಿಯಲ್ಲಿರುವ ಏಪ್ರಿಲ್-ಮೇ ತಿಂಗಳಲ್ಲಿ ಸವರಬೇಕು. ಸುತ್ತಲಿನ ಲಂಟಾನ ಅಡ್ಡವಾದರೆ ಆಗ ದಾರಿಗೆ ಬೇಕಾದಷ್ಟನ್ನು ಮಾತ್ರ ಕತ್ತರಿಸಿ, ಬೇರು ತೆಗೆಯುವುದನ್ನು ಮಳೆಗೆ ಬಿಡಬಹುದು. ಎಲಚಿ ಕಾಯಿ ಕಟ್ಟುವುದು ಆ ವರ್ಷದ ಹೊಸ ಚಿಗುರಿನಲ್ಲಿ. ವರ್ಷಗಟ್ಟಲೆ ಕತ್ತರಿ ಕಾಣದ ಗಿಡದ ಹಣ್ಣು ಸಣ್ಣದಾಗಲು ಇದೇ ಕಾರಣ. ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆದು, ಗಟ್ಟಿಯಾದ ಮೂರು-ನಾಲ್ಕು ಕವಲುಗಳನ್ನು ಉಳಿಸಿ ಅವನ್ನೂ ಮೊಟಕುಗೊಳಿಸಬೇಕು. ದಪ್ಪ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಬೇಕು. ನೋಡುವವರಿಗೆ ಗಿಡ ಹಾಳಾದಂತೆ ತೋರುವುದು ಸಹಜ. ಆಕ್ಷೇಪಣೆ ಬರುವ ಮೊದಲೇ ಗ್ರಾಮಸಭೆಯಲ್ಲಿ ವಿಷಯ ತಿಳಿಸಿರುವುದು ಒಳ್ಳೆಯದು. ಹುಳಿ ಹಣ್ಣಿನ ಕಾಡು ಎಲಚಿಯನ್ನು ಮೊಟಕುಗೊಳಿಸಿ, ಬಂದ ಹೊಸ ಚಿಗುರಿಗೆ ಉಮ್ರಾನ್‌ನಂತಹ ತಳಿಯ ಕಣ್ಣು ಕೂರಿಸಬಹುದು. ಬೇರು ಹಳೆಯದಾದ್ದರಿಂದ ನೀರಿನ ಚಿಂತೆ ಕಡಿಮೆ.

ಕವಳಿಗೆ ಇಷ್ಟು ಶ್ರಮ ಬೇಡ. ಹಣ್ಣು ಮುಗಿದ ಮೇಲೆ ಹಗುರಾಗಿ ಸವರಿ, ಎಲ್ಲೆಯ ಗುಂಟ ಇರುವುದನ್ನು ಜೀವಂತ ಬೇಲಿಯಾಗಿ ಬಿಟ್ಟರೆ ಸಾಕು. ಎಳೆಯ ಕಾಯಿ ಉಪ್ಪಿನಕಾಯಿಗೆ ಸಲ್ಲುತ್ತದೆ.

ಹಣ್ಣಿನ ಹಕ್ಕು ಯಾರದೆಂಬುದನ್ನು ಮೊದಲ ಫಸಲಿಗೆ ಮುನ್ನವೇ ಠರಾವಿನಲ್ಲಿ ಬರೆಯಬೇಕು. ಮಹಿಳಾ ಸ್ವಸಹಾಯ ಸಂಘಕ್ಕೆ ವಹಿಸಿದರೂ, ಹರಾಜು ಮಾಡಿದರೂ, ಸಂಕ್ರಾಂತಿಯಂದು ಮಕ್ಕಳಿಗೆ ಎರೆಯಲು ಎಲಚಿ ಹಣ್ಣು ಆರಿಸಿಕೊಳ್ಳುತ್ತಿದ್ದ ಮನೆಗಳಿಗೆ ಆ ಅವಕಾಶ ಉಳಿಯುವಂತೆ ಷರತ್ತು ಸೇರಿಸುವುದು ನ್ಯಾಯ. ಕ್ರಿಯಾಯೋಜನೆಯಲ್ಲಿ ಮೊದಲ ವರ್ಷದ ಕೂಲಿಯನ್ನಷ್ಟೇ ತೋರಿಸಿ ಕೈಬಿಟ್ಟಲ್ಲಿ ಲಂಟಾನವೇ ಗೆಲ್ಲುತ್ತದೆ. ಹಕ್ಕಿಗಳು ಕೂರುವ ಮರಗಳ ಕೆಳಗೆ ಏಳುವ ಸಸಿಗಳನ್ನು ಕಿತ್ತುಹಾಕಲು ಮುಂದಿನ ಎರಡು ಮಳೆಗಾಲಗಳಿಗೂ ಮಾನವ ದಿನಗಳನ್ನು ಕಾಯ್ದಿರಿಸಬೇಕು.